ಕಿಟಕಿಯ ಪರದೆ ಯಾರಿಗಾಗಿ?

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ಹದಿನೈದು ನಿಮಿಷ ಮಾತಾಡ್ಬೇಕು, ಮನೆಗೆ ಉಪಯೋಗ ಆಗುವಂಥ ವಿಷಯ ಇರಲಿ" ಎಂದರು. ನಾನು ಎಂ.ಟೆಕ್. ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಕಂಪ್ಯೂಟರ್ ಬಗ್ಗೆ ಹೇಳಲೇ ಎಂದು ಕೇಳಿದೆ. "ಅದು ಬೇಡ ಮಾರಾಯ್ತಿ, ಮನೆಯ ವಿಷಯ ಹೇಳು" ಎಂದರು. ಹಾಗಾಗಿ ಇವತ್ತು ನಾನು ಆರಿಸಿಕೊಂಡದ್ದು ಕಿಟಕಿಯ ಪರದೆ. ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ನಿಮಗೆ ಅನಿಸಬಹುದು. ಮೂರು ವರ್ಷದ ಹಿಂದೆ ನನಗೂ ಹಾಗೆಯೇ ಅನಿಸಿತ್ತು. ಆಮೇಲೆ ನಾನು ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಮನೆ ಸಯನ್‌ನ ಒಂದು ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದೆ. ಹಾಲ್‌ಗೆ ಇರುವುದು ಒಂದೇ ದೊಡ್ಡ ಕಿಟಕಿ, ಪಶ್ಚಿಮಕ್ಕೆ, ರಸ್ತೆಯ ಕಡೆಗೆ. ಅತ್ತೆ ಕುಂದಾಪುರದ ಕಡೆಯವರು. 1979ರಲ್ಲಿ ಮದುವೆಯಾಗಿ ಬಂದದ್ದು ಇದೇ ಮನೆಗೆ. ಅಂದಿನಿಂದ ಆ ಕಿಟಕಿಯ ಬಳಿ ಅವರದೊಂದು ಕುರ್ಚಿ. ಅಲ್ಲಿಂದಲೇ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟು ತರಕಾರಿಯವನಿಂದ ಕೊತ್ತಂಬರಿ ಸೊಪ್ಪು ತೆಗೆದುಕೊಂಡವರು. ಗಣಪತಿ ಮೆರವಣಿಗೆ ನೋಡುವುದು, ಶಾಲೆ ಬಿಟ್ಟ ಮಕ್ಕಳನ್ನು ನೋಡುವುದು, ಮಾವ ಆಫೀಸಿನಿಂದ ಬರುವುದನ್ನು ನೋಡುವುದು, ಎಲ್ಲ ಅಲ್ಲಿಂದಲೇ. ಮಾವ ಈಗಿಲ್ಲ. ಕುರ್ಚಿ ಇದೆ.

ಮನೆಯಿಂದ ಕೆಲಸ ಮಾಡುವುದು ಹೆಚ್ಚಾದ ಮೇಲೆ ನನ್ನ ಮೇಜು ಹಾಲ್‌ಗೆ ಬಂತು. ಮಧ್ಯಾಹ್ನ ಮೂರು ಗಂಟೆಯಾದರೆ ಪಶ್ಚಿಮದ ಬಿಸಿಲು ನೇರ ಸ್ಕ್ರೀನ್ ಮೇಲೆ ಬೀಳುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಮೇ ತಿಂಗಳ ಸೆಕೆ ಬೇರೆ. ಒಂದು ಶನಿವಾರ ಅಂಗಡಿಗೆ ಹೋಗಿ, ಸೋಫಾಕ್ಕೆ ಹೊಂದುವ ಕಡು ಕಂದು ಬಣ್ಣದ ದಪ್ಪ ಬ್ಲ್ಯಾಕ್‌ಔಟ್ ಪರದೆ ತಂದೆ. ಹೊಲಿಗೆ, ರಾಡ್ ಎಲ್ಲ ಸೇರಿ 14,000 ರೂಪಾಯಿ. ಮನೆಗೆ ಬಂದವರೆಲ್ಲ "ಹೋಟೆಲ್ ರೂಮಿನ ಹಾಗೆ ಆಗಿದೆ" ಎಂದರು. ನನಗೆ ಖುಷಿಯಾಯಿತು. ಅತ್ತೆ ಏನೂ ಹೇಳಲಿಲ್ಲ. ಏನೂ ಹೇಳಲಿಲ್ಲ ಎಂಬುದನ್ನು ನಾನು ಆಗ ಗಮನಿಸಲೂ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮುಂಬಯಿ ಮಳೆ ನಿಮಗೆ ಗೊತ್ತು, ಸಯನ್‌ನ ನೀರು ನಿಲ್ಲುವ ರಸ್ತೆಗಳೂ ಗೊತ್ತು. ಗಾಳಿಮಳೆ ಬರುವುದೇ ನೈಋತ್ಯದಿಂದ, ಅಂದರೆ ಪಶ್ಚಿಮದ ಕಿಟಕಿಗೆ ಮೊದಲ ಏಟು. ನಾನು ಕಿಟಕಿ ಮುಚ್ಚಿ, ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿ ಕೆಲಸ ಮಾಡುತ್ತಿದ್ದೆ. ಆಗಸ್ಟ್ ಹೊತ್ತಿಗೆ ಹಾಲ್‌ನಲ್ಲಿ ಒಂದು ಕಮಟು ವಾಸನೆ. ಅತ್ತೆಗೆ ಮೊದಲೇ ಇದ್ದ ಕೆಮ್ಮು ಹೆಚ್ಚಾಯಿತು. ಡಾಕ್ಟರ ಹತ್ತಿರ ಹೋದಾಗ ಅವರು ಔಷಧಿ ಬರೆಯುವ ಮೊದಲು ಕೇಳಿದ್ದು, "ಇವರು ಹಗಲು ಎಲ್ಲಿ ಕೂರುತ್ತಾರೆ? ಅಲ್ಲಿ ಗಾಳಿ ಬೆಳಕು ಇದೆಯೇ? ತೇವ ಇದೆಯೇ?" ಪರದೆಯೇ ಕಾರಣ ಎಂದು ಅವರು ಹೇಳಲಿಲ್ಲ. ಆದರೆ ಮನೆಗೆ ಬಂದು ಪರದೆ ಸರಿಸಿ ಹಿಂಬದಿ ನೋಡಿದೆ. ಕೆಳಗಿನ ಒಂದು ಅಡಿ ತುಂಬ ಕಪ್ಪು ಚುಕ್ಕಿಗಳ ಬೂಷ್ಟು. ಗೋಡೆಗೂ ಹತ್ತಿತ್ತು.

ಅದೇ ವಾರ, ಮೀಟಿಂಗ್ ಮಧ್ಯೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅತ್ತೆ ಕಟ್ಟೆಯ ಅಂಚು ಹಿಡಿದುಕೊಂಡು ಸಣ್ಣ ಕಿಟಕಿಯಲ್ಲಿ ಬಗ್ಗಿ ನೋಡುತ್ತಾ ನಿಂತಿದ್ದರು. ಮೊಣಕಾಲು ನೋವಿನವರು, ಹತ್ತು ನಿಮಿಷ ನಿಂತರೆ ಕಾಲು ಬಾತುಕೊಳ್ಳುತ್ತದೆ. "ಎಂಥ ಅತ್ತೆ, ಇಲ್ಲಿ ನಿಂತಿದ್ದೀರಿ?" ಎಂದೆ. "ಶಾಲಿ ಬಿಡುವ ಹೊತ್ತಲ್ದಾ, ಮಕ್ಳ್ ಹೋಪುದ್ ಕಾಂಬುಕೆ ನಿಂತದ್ದು" ಎಂದರು. ಹಾಲ್‌ನ ಕಿಟಕಿಯಿಂದ ನೋಡಬಹುದಿತ್ತಲ್ಲ ಎಂದೆ. "ನಿಂಗೆ ಕೆಲ್ಸಕ್ಕೆ ತೊಂದ್ರಿ ಆತಿಲ್ಯಾ?" ಎಂದು ಮತ್ತೆ ಆ ಕಡೆ ತಿರುಗಿದರು.

ಮೂರು ತಿಂಗಳು ಅವರು ಹಾಗೆ ನಿಂತೇ ರಸ್ತೆ ನೋಡಿದ್ದರು. ಬಣ್ಣ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಒಂದು ಗಂಟೆ ನೋಡಿದ ನಾನು, ಆ ಕಿಟಕಿಯ ಬಳಿ ದಿನವಿಡೀ ಕೂರುವವರು ಯಾರು ಎಂದು ಒಂದು ನಿಮಿಷ ಯೋಚಿಸಿರಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ. ಪರದೆ ಕೊಳ್ಳುವ ಮೊದಲು ಸೋಫಾದ ಬಣ್ಣ ನೋಡಬೇಡಿ. ಆ ಕಿಟಕಿಯ ಹತ್ತಿರ ಯಾರು ಕೂರುತ್ತಾರೆ, ಯಾವ ಹೊತ್ತಿಗೆ ಕೂರುತ್ತಾರೆ ಎಂದು ನೋಡಿ. ಮಿಕ್ಕದ್ದೆಲ್ಲ ಅದರಿಂದ ತಾನಾಗಿ ತೀರ್ಮಾನವಾಗುತ್ತದೆ.

ಇನ್ನೊಂದು ಸಂಗತಿ. ನಾವಿರುವ ಈ ಭಾಗಕ್ಕೂ ಗಾಳಿ ಬೆಳಕಿಗೂ ಒಂದು ಹಳೆಯ ಸಂಬಂಧ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಒತ್ತೊತ್ತಾದ, ಕತ್ತಲೆಯ ಮನೆಗಳಲ್ಲಿ ರೋಗ ಹೆಚ್ಚು ಎಂದು ಕಂಡು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗ, ಸಯನ್ ಕಡೆ ಅಗಲ ರಸ್ತೆಗಳ ಹೊಸ ಬಡಾವಣೆಗಳು ಬಂದದ್ದು ಆ ಟ್ರಸ್ಟಿನ ಯೋಜನೆಯಿಂದ. ನಮ್ಮ ದಕ್ಷಿಣದವರು ಬಂದು ನೆಲೆಸಿದ್ದೂ ಮುಂದೆ ಅಲ್ಲಿಯೇ. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಎಂಬ ಅಧಿಕಾರಿ 63½ ಡಿಗ್ರಿ ನಿಯಮವನ್ನು ಹಟ ಹಿಡಿದು ಪ್ರತಿಪಾದಿಸಿದವರು. ಕೆಳಗಿನ ಮನೆಯ ಗೋಡೆಯ ಬುಡದಿಂದ ಎದುರಿನ ಕಟ್ಟಡದ ತುದಿಗೆ ಗೆರೆ ಎಳೆದರೆ ಅದರ ಕೋನ 63½ ಡಿಗ್ರಿಗಿಂತ ಹೆಚ್ಚಾಗಬಾರದು. ಲೆಕ್ಕದಲ್ಲಿ ಹೇಳುವುದಾದರೆ, ಎದುರಿನ ಕಟ್ಟಡ 40 ಅಡಿ ಎತ್ತರ ಇದ್ದರೆ ಮಧ್ಯೆ 20 ಅಡಿ ಜಾಗ ಬಿಡಬೇಕು. ಕೆಳಗಿನ ಕೋಣೆಗೂ ಆಕಾಶ ಕಾಣಲಿ ಎಂಬುದು ಉದ್ದೇಶ. ನೂರು ವರ್ಷದ ಹಿಂದೆ ಅಷ್ಟು ಲೆಕ್ಕ ಹಾಕಿ ಒಳಗೆ ಬಿಟ್ಟ ಬೆಳಕನ್ನು ನಾನು ಬ್ಲ್ಯಾಕ್‌ಔಟ್ ಪರದೆಯಿಂದ ಹೊರಗೆ ಹಾಕಿದ್ದೆ.

ಈಗ ಉಪಯೋಗದ ಮಾತಿಗೆ ಬರೋಣ. ಕೆಲವರು ಆಗಲೇ ಪೆನ್ನು ಹಿಡಿದುಕೊಂಡಿದ್ದೀರಿ!

ಮೊದಲನೆಯದು ದಿಕ್ಕು. ಪೂರ್ವದ ಕಿಟಕಿಗೆ ಎಳೆ ಬಿಸಿಲು, ಅಲ್ಲಿ ತೆಳುವಾದ ಹತ್ತಿಯ ಪರದೆ ಸಾಕು. ಉತ್ತರಕ್ಕೆ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲಿಲ್ಲ. ಓದುವ ಮಕ್ಕಳ ಮೇಜಿಗೆ ಅದೇ ಒಳ್ಳೆಯ ಬೆಳಕು. ದಕ್ಷಿಣದ ಕಿಟಕಿಗೆ ಈಗ, ಚಳಿಗಾಲದಲ್ಲಿ, ಬಿಸಿಲು ಒಳಗೆ ಬರುತ್ತದೆ. ಡಿಸೆಂಬರ್ 22ರ ಸುಮಾರಿಗೆ ಮುಂಬಯಿಯಲ್ಲಿ ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ ಸುಮಾರು 47 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮೇ ತಿಂಗಳ ಮಧ್ಯದಲ್ಲಿ ನಡುನೆತ್ತಿಗೆ ಬರುತ್ತಾನೆ, ಆಗ ಕಿಟಕಿಯ ಮೇಲಿನ ಛಜ್ಜಾವೇ ದಕ್ಷಿಣದ ಬಿಸಿಲನ್ನು ತಡೆಯುತ್ತದೆ. ಕಷ್ಟ ಪಶ್ಚಿಮದ್ದು. ಸಂಜೆಯ ಸೂರ್ಯ ತಗ್ಗಿನಲ್ಲಿ ಇರುವುದರಿಂದ ಛಜ್ಜಾ ಏನೂ ಮಾಡುವುದಿಲ್ಲ. ಖರ್ಚು ಮಾಡುವುದಿದ್ದರೆ ಪಶ್ಚಿಮದ ಕಿಟಕಿಗೆ ಮಾಡಿ.

ಎರಡನೆಯದು, ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ. ಗಾಜು ದಾಟಿ ಒಳಗೆ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ. ಆ ಶಾಖ ಹೊರಗೆ ಹೋಗದೆ ಕೋಣೆಯಲ್ಲೇ ಉಳಿಯುತ್ತದೆ. ಕಡು ಬಣ್ಣದ ಪರದೆಯಾದರೆ ಇನ್ನೂ ಹೆಚ್ಚು, ನನ್ನ ಕಂದು ಪರದೆ ಮುಟ್ಟಿದರೆ ಬಿಸಿಯಾಗಿರುತ್ತಿತ್ತು. ಇದನ್ನು ನಾನು ಅತ್ತೆಗೆ ವಿವರಿಸಲು ಹೊರಟಾಗ ಅವರು ನಕ್ಕರು. ಊರಲ್ಲಿ ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ ಜಗಲಿಯ ಹೊರಗೆ ಕಟ್ಟುತ್ತಿದ್ದರಲ್ಲ, ಒಳಗೆ ಕಟ್ಟುತ್ತಿದ್ದರೇ ಎಂದು ಕೇಳಿದರು. ಸರಿ, ನಮ್ಮ ಗ್ರಿಲ್‌ಗೂ ಗಾಜಿಗೂ ನಡುವಿನ ಜಾಗದಲ್ಲಿ ಬಿದಿರಿನ ಚಿಕ್ಕು ತೂಗುಹಾಕಿದೆವು. ಮೂರು ಗಂಟೆಗೆ ಇಳಿಸುವುದು, ಐದೂವರೆಗೆ ಸುತ್ತಿ ಮೇಲೆ ಕಟ್ಟುವುದು. ಬಿದಿರಿನ ಸಂದಿಯಿಂದ ರಸ್ತೆಯೂ ಕಾಣುತ್ತದೆ, ಗಾಳಿಯೂ ಬರುತ್ತದೆ. ಮಳೆಗಾಲಕ್ಕೆ ಮಾತ್ರ ಅದನ್ನು ಬಿಚ್ಚಿ ಒಣಗಿಸಿ ಮೇಲಿಡಬೇಕು, ಇಲ್ಲದಿದ್ದರೆ ಅದಕ್ಕೂ ಬೂಷ್ಟು ಹಿಡಿಯುತ್ತದೆ. ಬಿಲ್ಡಿಂಗಿನ ಹೊರಗೆ ಏನಾದರೂ ಕಟ್ಟುವ ಮೊದಲು ಸೊಸೈಟಿಯವರನ್ನು ಒಂದು ಮಾತು ಕೇಳಿ.

ಮೂರನೆಯದು ಬಟ್ಟೆ. ನಮ್ಮ ಊರಿನ ತೇವಕ್ಕೆ ತೊಳೆಯಲು ಸುಲಭವಾದದ್ದು, ಬೇಗ ಒಣಗುವುದು ಬೇಕು. ತೆಳು ಹತ್ತಿ ಅಥವಾ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತದ್ದು ದಿನಬಳಕೆಗೆ ಒಳ್ಳೆಯದು. ವೆಲ್ವೆಟ್ ನೋಡಲು ಚಂದ, ಧೂಳು ಹಿಡಿದುಕೊಳ್ಳುತ್ತದೆ. ರೇಷ್ಮೆ ನೇರ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ, ಹಾಕಲೇಬೇಕೆಂದಿದ್ದರೆ ಲೈನಿಂಗ್ ಕೊಡಿ. ಕೈಮಗ್ಗದ್ದು ಬೇಕೆನ್ನುವವರಿಗೆ ಕಣ್ಣೂರಿನ ಪರದೆ ಬಟ್ಟೆ ಹೆಸರುವಾಸಿ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇನ್ನು ಹಳೆಯ ಹತ್ತಿ ಸೀರೆ. ಐದೂವರೆ ಮೀಟರ್ ಬಟ್ಟೆ, ಅಂಚು ಸಿದ್ಧವಾಗಿಯೇ ಇದೆ! ಬಳಸಿ ಬಳಸಿ ಮೆತ್ತಗಾದ ಸೀರೆ ಬೆಳಕನ್ನು ಸೋಸಿ ಕೊಡುವಷ್ಟು ಚೆನ್ನಾಗಿ ಹೊಸ ಬಟ್ಟೆ ಕೊಡುವುದಿಲ್ಲ.

ಬ್ಲ್ಯಾಕ್‌ಔಟ್ ಪರದೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿ ಮಾಡಿ ಹಗಲು ಮಲಗುವ ನರ್ಸ್‌ಗಳು, ನನ್ನಂಥ ಐಟಿಯವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರ ನಿದ್ದೆಗೆ ಅದು ಬೇಕು. ಮಲಗುವ ಕೋಣೆಗೆ ಹಾಕಿ, ಎದ್ದ ಕೂಡಲೇ ಪೂರ್ತಿ ಸರಿಸಿ. ಹಿಂಬದಿ ರಬ್ಬರಿನಂಥ ಲೇಪ ಇರುವುದಾದರೆ ಬಿಸಿನೀರಿಗೆ ಹಾಕಬೇಡಿ, ಆ ಬದಿಗೆ ಇಸ್ತ್ರಿ ಮಾಡಬೇಡಿ. ತೇವದಲ್ಲಿ ಮಡಚಿಟ್ಟರೆ ಲೇಪ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ನಾಲ್ಕನೆಯದು ಅಳತೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ರಾಡ್ ಕಿಟಕಿಯಷ್ಟೇ ಅಗಲ ಇದ್ದರೆ, ಪರದೆ ಸರಿಸಿದರೂ ಬಟ್ಟೆ ಗಾಜಿನ ಮೇಲೇ ರಾಶಿ ಬೀಳುತ್ತದೆ. ಎರಡೂ ಬದಿಗೆ ಕನಿಷ್ಠ ಆರಾರು ಇಂಚು ಹೆಚ್ಚು ಇರಲಿ. ಕಿಟಕಿ ನಾಲ್ಕು ಅಡಿ ಇದ್ದರೆ ರಾಡ್ ಐದು ಅಡಿ. ನಿರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆ ರಾಡಿನ ಎರಡು ಪಟ್ಟು, ಅಂದರೆ ಹತ್ತು ಅಡಿ. ಪರದೆ ಬಟ್ಟೆಯ ಪನ್ನ ಸಾಮಾನ್ಯವಾಗಿ 48 ಇಂಚು, ಅಂದರೆ ನಾಲ್ಕು ಅಡಿ. ಹಾಗಾಗಿ ಮೂರು ತುಂಡು ಬೇಕು. ಐದು ಅಡಿ ಉದ್ದದ ಪರದೆಗೆ ಮೇಲೆ ಕೆಳಗೆ ಮಡಿಚಲು ಒಂದು ಅಡಿ ಸೇರಿಸಿ ಪ್ರತಿ ತುಂಡು ಆರು ಅಡಿ. ಒಟ್ಟು 18 ಅಡಿ, ಸುಮಾರು ಐದೂವರೆ ಮೀಟರ್. ಈ ಲೆಕ್ಕ ಬರೆದುಕೊಂಡು ಹೋದರೆ ಅಂಗಡಿಯವನು "ಎಂಟು ಮೀಟರ್ ಬೇಕು" ಎಂದಾಗ ತಲೆ ಆಡಿಸಬೇಕಾಗಿಲ್ಲ. ದೊಡ್ಡ ಡಿಸೈನ್ ಇದ್ದರೆ ಮಾತ್ರ ಹೂವಿಗೆ ಹೂ ಜೋಡಿಸಲು ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಹತ್ತಿ ಬಟ್ಟೆಯಾದರೆ ಹೊಲಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಿ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ ಐದು ಅಡಿಯ ಪರದೆ ಎರಡೂವರೆ ಇಂಚು ಮೇಲೆ ಹೋಗುತ್ತದೆ. ಆಮೇಲೆ ಟೈಲರ್‌ಗೆ ಬೈದು ಪ್ರಯೋಜನ ಇಲ್ಲ. ಮಳೆ ಹೊಡೆಯುವ ಕಿಟಕಿಗೆ ನೆಲ ಮುಟ್ಟುವ ಪರದೆ ಬೇಡ, ಕಿಟಕಿಯ ಕಟ್ಟೆಯಿಂದ ಸ್ವಲ್ಪ ಕೆಳಗೆ ನಿಂತರೆ ಸಾಕು. ಗೋಡೆಗೂ ಬಟ್ಟೆಗೂ ನಡುವೆ ಮೂರು ನಾಲ್ಕು ಇಂಚು ಗಾಳಿ ಆಡಲು ಜಾಗ ಇರಲಿ. ನಮ್ಮ ಬೂಷ್ಟು ಬಂದದ್ದು ಆ ಜಾಗ ಇಲ್ಲದೆ.

ಐದನೆಯದು, ಚಿಕ್ಕ ಮಕ್ಕಳಿರುವವರು ದಯವಿಟ್ಟು ಗಮನ ಕೊಟ್ಟು ಕೇಳಿ. ಈಗ ಹೊಸ ಫ್ಲಾಟ್‌ಗಳಲ್ಲಿ ಪರದೆಯ ಬದಲು ರೋಲರ್ ಬ್ಲೈಂಡ್, ಜೀಬ್ರಾ ಬ್ಲೈಂಡ್ ಹಾಕುತ್ತಾರೆ. ಅದನ್ನು ಎಳೆಯಲು ಬದಿಯಲ್ಲಿ ಮಣಿ ಸರದಂತೆ ಒಂದು ಸರಪಳಿ ತೂಗುತ್ತಿರುತ್ತದೆ. ನಮ್ಮ ನಾದಿನಿಯ ಮನೆಯಲ್ಲಿ ಎರಡೂವರೆ ವರ್ಷದ ಮಗು ಸೋಫಾ ಹತ್ತಿ ಆ ಸರಪಳಿಯನ್ನು ಕುತ್ತಿಗೆಗೆ ಹಾಕಿಕೊಂಡು "ಹಾರ, ಹಾರ" ಎನ್ನುತ್ತಿತ್ತು. ನಾವು ಅಲ್ಲೇ ಇದ್ದೆವು, ಕೂಡಲೇ ತೆಗೆದೆವು. ಇಲ್ಲದಿದ್ದರೆ ಎಂದು ನೆನೆಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಇಂಥ ಹಗ್ಗಗಳಿಗೆ ಸಿಕ್ಕಿ ಮಕ್ಕಳು ಜೀವ ಕಳೆದುಕೊಂಡ ಘಟನೆಗಳು ಹಲವು ದೇಶಗಳಲ್ಲಿ ಆಗಿವೆ. ಅಮೆರಿಕದಲ್ಲಿ 2018ರ ಕೊನೆಯಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್‌ಗಳಿಗೆ ಕೈಗೆ ಸಿಗುವ ಹಗ್ಗ ಇರಬಾರದು ಎಂಬ ಮಾನದಂಡ ಬಂದಿದೆ. ನಾವು ಮಾಡಬಹುದಾದದ್ದು ಮೂರು. ಹಗ್ಗವಿಲ್ಲದ್ದನ್ನೇ ಕೇಳಿ. ಇರುವುದಾದರೆ ಸರಪಳಿಯನ್ನು ಮಗುವಿಗೆ ಎಟುಕದ ಎತ್ತರದಲ್ಲಿ ಗೋಡೆಗೆ ಬಿಗಿಯಾಗಿ ಸಿಕ್ಕಿಸುವ ಹಿಡಿಕೆ ಹಾಕಿಸಿ. ಮಂಚ, ಸೋಫಾ, ತೊಟ್ಟಿಲು ಯಾವುದನ್ನೂ ಬ್ಲೈಂಡ್ ಇರುವ ಕಿಟಕಿಯ ಪಕ್ಕ ಇಡಬೇಡಿ. ಹಾಗೆಯೇ ಗ್ಯಾಸ್ ಒಲೆಯ ಪಕ್ಕದ ಕಿಟಕಿಗೆ, ದೇವರ ದೀಪದ ಹತ್ತಿರ ಹಾರಾಡುವ ಪರದೆ ಬೇಡವೇ ಬೇಡ.

ಕೊನೆಯದು ಆರೈಕೆ. ವಾರಕ್ಕೊಮ್ಮೆ ಕುಡುಗಿ, ಸಾಧ್ಯವಾದರೆ ವ್ಯಾಕ್ಯೂಮ್ ಹಿಡಿಯಿರಿ. ಮೂರು ತಿಂಗಳಿಗೊಮ್ಮೆ ತೊಳೆಯಿರಿ. ಕೆಮ್ಮು, ಅಸ್ತಮಾ ಇರುವವರ ಕೋಣೆಯದನ್ನು ತಿಂಗಳಿಗೊಮ್ಮೆ. ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು 60 ಡಿಗ್ರಿ ಬಿಸಿನೀರಿಗೆ ಸಾಯುತ್ತವೆ, ಬಟ್ಟೆ ತಡೆಯುವುದಾದರೆ ಹಾಗೆ ತೊಳೆಯಿರಿ. ಮೆಷಿನ್‌ಗೆ ಹಾಕುವ ಮೊದಲು ಕೊಕ್ಕೆಗಳನ್ನು ಬಿಚ್ಚಿ. ಐಲೆಟ್ ಇರುವ ಪರದೆಯ ಮೇಲಿನ ಪಟ್ಟಿಯನ್ನು ಒಂದು ತಲೆದಿಂಬಿನ ಕವರಿನೊಳಗೆ ತುರುಕಿ ಕಟ್ಟಿದರೆ ಡ್ರಮ್ಮಿಗೆ ಬಡಿಯುವುದಿಲ್ಲ. ಬೇಸಗೆಯಲ್ಲಿ ಸ್ವಲ್ಪ ಹಸಿ ಇರುವಾಗಲೇ ರಾಡಿಗೆ ಏರಿಸಿದರೆ ತನ್ನ ಭಾರಕ್ಕೇ ನೇರವಾಗುತ್ತದೆ, ಇಸ್ತ್ರಿ ಉಳಿಯಿತು. ಮಳೆಗಾಲದಲ್ಲಿ ಮಾತ್ರ ಪೂರ್ತಿ ಒಣಗದೆ ಏರಿಸಬೇಡಿ. ನಾನು ಈಗ ಜೂನ್ ಮೊದಲ ವಾರವೇ ದಪ್ಪ ಪರದೆಗಳನ್ನು ಇಳಿಸಿ, ತೊಳೆದು, ಒಣಗಿಸಿ, ಕಪಾಟಿನಲ್ಲಿಟ್ಟು ಬಿಡುತ್ತೇನೆ. ನಾಲ್ಕು ತಿಂಗಳು ತೆಳು ಪರದೆ ಮಾತ್ರ. ನವರಾತ್ರಿಗೆ ಮತ್ತೆ ಏರಿಸುತ್ತೇನೆ.

ಬೂಷ್ಟು ಬಂದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಕುಡುಗಿ, ಆಮೇಲೆ ತೊಳೆದು ಬಿಸಿಲಿಗೆ ಹಾಕಿ. ಬಿಳಿ ಹತ್ತಿಗೆ ಬ್ಲೀಚ್ ಬಳಸಬಹುದು. ಆದರೆ ಬ್ಲೀಚ್ ಜೊತೆ ವಿನೆಗರ್, ಬಾತ್‌ರೂಮ್ ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಕೊಕ್ಕೆಯ ತುಕ್ಕಿನ ಕಲೆಗೆ ಉಪ್ಪು ನಿಂಬೆರಸ ಹಚ್ಚಿ ಬಿಸಿಲಿಗೆ ಇಡುವ ನಮ್ಮ ಅಜ್ಜಿಯರ ಉಪಾಯ ಈಗಲೂ ನಡೆಯುತ್ತದೆ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ತುಕ್ಕೇ ಬೇಡವೆಂದರೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ಕೊಕ್ಕೆ ಹಾಕಿಸಿ.

ಇನ್ನು ನಮ್ಮ ಮನೆಯ ಕಥೆ ಏನಾಯಿತು ಎಂದು ಕೇಳುತ್ತೀರಿ. 14,000 ರೂಪಾಯಿಯ ಪರದೆಯಲ್ಲಿ ಬೂಷ್ಟು ಹಿಡಿದ ಕೆಳಭಾಗ ಕತ್ತರಿಸಿ, ಉಳಿದದ್ದನ್ನು ತೊಳೆದು ಮಲಗುವ ಕೋಣೆಯ ಸಣ್ಣ ಕಿಟಕಿಗೆ ಹೊಲಿಸಿದೆ. ಹಾಲ್‌ಗೆ ಅತ್ತೆಯ ಎರಡು ಹಳೆಯ ಹತ್ತಿ ಸೀರೆಗಳ ಪರದೆ ಬಂತು. ಯಾವ ಸೀರೆ ಎಂದು ಆರಿಸಿದವರೂ ಅವರೇ. ಸ್ಕ್ರೀನ್ ಮೇಲಿನ ಬಿಸಿಲಿಗೆ ಪರಿಹಾರ ಪರದೆಯಲ್ಲಿ ಇರಲೇ ಇಲ್ಲ. ಕಿಟಕಿ ನನ್ನ ಬದಿಗೆ ಬರುವಂತೆ ಮೇಜನ್ನು ತಿರುಗಿಸಿ ಇಟ್ಟೆ, ಅಷ್ಟೇ. ಐದು ನಿಮಿಷದ ಕೆಲಸ. ಎಂ.ಟೆಕ್. ಓದಿದವಳಿಗೆ ಅದು ಹೊಳೆಯಲು ಐದು ತಿಂಗಳು ಬೇಕಾಯಿತು!

ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ. ವಯಸ್ಸಾಗಿದೆ, ಮುಂಬಯಿಯ ಧೂಳು ಹೊರಗಿನಿಂದಲೂ ಬರುತ್ತದೆ. ಆದರೆ ಆ ಮಳೆಗಾಲದಷ್ಟು ಮತ್ತೆ ಆಗಿಲ್ಲ. ಮೂರು ಗಂಟೆಗೆ ಚಿಕ್ಕು ಇಳಿಸುವವರು, ಸಂಜೆ ಎತ್ತಿ ಕಟ್ಟುವವರು ಈಗ ಅವರೇ. ನಾನು ಮೀಟಿಂಗ್‌ನಲ್ಲಿ ಇರುವಾಗ ಕುರ್ಚಿಯಲ್ಲಿ ಕುಳಿತು ಕೈಸನ್ನೆಯಲ್ಲೇ ಕೆಳಗಿನ ತರಕಾರಿಯವನ ಹತ್ತಿರ ಚೌಕಾಸಿ ಮಾಡುತ್ತಾರೆ.

ನಾವೆಲ್ಲ ಯಕ್ಷಗಾನ ನೋಡಿ ಬೆಳೆದವರು. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ಇರುವವರು ಸ್ವಲ್ಪ ಸ್ವಲ್ಪವೇ ಕಾಣುತ್ತಾರೆ, ಕೊನೆಗೆ ತೆರೆ ಸರಿಯುತ್ತದೆ. ತೆರೆ ಸರಿಯದೇ ಹೋದರೆ ಆಟವೇ ಇಲ್ಲ. ಮನೆಯ ಪರದೆಯೂ ಹಾಗೆಯೇ ಎಂದು ನನಗೆ ಅನಿಸುತ್ತದೆ. ಬೇಕಾದಾಗ ಮುಚ್ಚಲು ಬರಬೇಕು, ಆದರೆ ದಿನಕ್ಕೊಮ್ಮೆಯಾದರೂ ಪೂರ್ತಿ ಸರಿಯಬೇಕು.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಹಾಲ್‌ನ ಪರದೆಯ ಹಿಂಬದಿಯನ್ನು ಒಮ್ಮೆ ಸರಿಸಿ ನೋಡಿ. ಮತ್ತೆ, ನಿಮ್ಮ ಮನೆಯಲ್ಲಿ ಹಗಲು ಹೊತ್ತು ಒಬ್ಬರೇ ಇರುವವರು ಯಾರಾದರೂ ಇದ್ದರೆ, ಅವರು ಎಲ್ಲಿ ಕೂರುತ್ತಾರೆ, ಅಲ್ಲಿಂದ ಅವರಿಗೆ ಏನು ಕಾಣುತ್ತದೆ ಎಂದು ಅವರ ಕುರ್ಚಿಯಲ್ಲೇ ಐದು ನಿಮಿಷ ಕುಳಿತು ನೋಡಿ.

ಮೂರನೇ ಸಾಲಿನಲ್ಲಿ ಕುಳಿತು ತನ್ನ ಕಥೆಯನ್ನೆಲ್ಲ ಹೇಳಿಬಿಟ್ಟಳು ಎಂದು ತಲೆ ತಗ್ಗಿಸಿ ನಗುತ್ತಿರುವ ನನ್ನ ಅತ್ತೆಗೆ ನನ್ನ ಧನ್ಯವಾದಗಳು.